ಪಟ್ಟಣದ ಮಳೆನೀರೂ ಹಳ್ಳಿಯ ಕೆರೆಯೂ: ಜೊಂಡಿನ ಜೌಗನ್ನು ಕಟ್ಟುವ ಕ್ರಮ

ಮೃಗಶಿರೆಯ ಮೊದಲ ಮಳೆ ಬಿದ್ದ ಮರುದಿನ, ಪಟ್ಟಣದ ಕೆಳಗಡೆ ಇರುವ ಯಾವುದಾದರೊಂದು ಕೆರೆಯ ಬಾಯಿಯ ಬಳಿ ನಿಂತು ನೋಡಿದರೆ, ಒಳಕ್ಕೆ ಬರುವ ನೀರು ಎರಡು ಬಗೆಯಾಗಿರುವುದು ಕಾಣುತ್ತದೆ. ಎರೆಹೊಲಗಳಿಂದ ಹರಿದು ಬರುವ ನೀರು ಮಣ್ಣಿನ ಬಣ್ಣದ್ದು. ಅದು ಕೆಲವು ದಿನಗಳಲ್ಲಿ ತಿಳಿಯಾಗುವುದು. ಬಿಟ್ಟುಹೋಗುವ ಕೆಸರೂ ಹೊಲಕ್ಕೆ ಹಿತವಾದದ್ದೇ. ಪಟ್ಟಣದ ಗಟಾರದಿಂದ ಬರುವ ನೀರಾದರೋ ಕಪ್ಪಗಿದ್ದು, ಮೇಲೆ ಎಣ್ಣೆಯ ಪೊರೆಯನ್ನೂ ಹುಲ್ಲುಕಡ್ಡಿ ಪ್ಲಾಸ್ಟಿಕ್ ಚೀಲಗಳನ್ನೂ ಹೊತ್ತುಕೊಂಡು ಬರುತ್ತದೆ. ನಾಲ್ಕು ತಿಂಗಳ ಬೇಸಗೆಯಲ್ಲಿ ಬೀದಿಯಲ್ಲಿಯೂ ಚಾವಣಿಯಲ್ಲಿಯೂ ಕೂಡಿದ್ದ ಸಗಣಿ, ಮೋಟಾರು ದುರಸ್ತಿಯ ಅಂಗಡಿಗಳ ಎಣ್ಣೆ, ಟೈರಿನ ಪುಡಿ, ತಗಡಿನ ಮಾಡುಗಳಿಂದ ಕರಗಿದ ಸತು, ಸಂತೆಯ ಕೊಳೆ, ಇವೆಲ್ಲವೂ ಆ ಒಂದು ಮಳೆಯಲ್ಲಿ ತೊಳೆದು ಬರುತ್ತವೆ. ಆದುದರಿಂದಲೇ ವರ್ಷದ ಮೊದಲ ಒಂದೆರಡು ಮಳೆಗಳ ನೀರು ಆಮೇಲಿನ ಹತ್ತು ಮಳೆಗಳ ನೀರಿಗಿಂತ ಕೆಟ್ಟದ್ದಾಗಿರುವುದು.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಈ ವಿಚಾರವನ್ನು ಈಗಲೇ ಗಮನಿಸತಕ್ಕ ಕಾರಣವುಂಟು. ೨೦೧೧ರ ಜನಗಣತಿಯ ಪ್ರಕಾರ ಆಳಂದ ಪಟ್ಟಣದಲ್ಲಿ ನಲವತ್ತು ಸಾವಿರಕ್ಕೆ ಮೀರಿಯೂ, ಅಫಜಲಪುರ ಮತ್ತು ಜೇವರ್ಗಿಗಳಲ್ಲಿ ತಲಾ ಇಪ್ಪತ್ತೈದು ಸಾವಿರಕ್ಕೆ ಮೀರಿಯೂ ಜನರಿದ್ದರು. ಊರು ಬೆಳೆದಂತೆಲ್ಲ ಮಳೆನೀರನ್ನು ಹೀರುತ್ತಿದ್ದ ಮಣ್ಣಿನ ನೆಲವು ಸಿಮೆಂಟು, ಡಾಂಬರುಗಳಿಂದ ಮುಚ್ಚಿಹೋಗಿ, ಮೊದಲು ನೆಲಕ್ಕಿಳಿಯುತ್ತಿದ್ದ ನೀರು ಒಮ್ಮೆಗೇ ಹಳ್ಳಕ್ಕೆ ನುಗ್ಗುವುದು. ಈ ಸೀಮೆಯ ಹಳ್ಳಗಳು ಬಹುಪಾಲು ಭೀಮಾ ನದಿಯನ್ನೇ ಸೇರತಕ್ಕವು. ಆಳಂದದ ಕಡೆಯಿಂದ ಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆ ಸಂಗಮದಲ್ಲಿ ದೂರದೂರದ ಯಾತ್ರಿಕರು ಮೀಯುತ್ತಾರೆ. ಮೇಲಿನ ಊರು ಹಳ್ಳಕ್ಕೆ ಬಿಟ್ಟದ್ದು ಕೆಳಗಿನ ಊರಿನ ಕೆರೆಗೂ ಬಾವಿಗೂ ಬಂದೇ ಬರುವುದೆಂಬುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾದದ್ದಿಲ್ಲ.

ಕೊಳೆನೀರಿನಿಂದ ಜಮೀನುದಾರನಿಗೆ ಆಗತಕ್ಕ ನಷ್ಟವು ಎಂತಹುದೆಂಬುದಕ್ಕೆ ಬಿಡದಿಯ ಸಮೀಪದ ಭೈರಮಂಗಲದ ಕೆರೆಯು ಸಾಕ್ಷಿಯಾಗಿದೆ. ವೃಷಭಾವತಿ ಹೊಳೆಗೆ ಅಡ್ಡಲಾಗಿ ೧೯೪೦ರ ದಶಕದಲ್ಲಿ ಕಟ್ಟಲ್ಪಟ್ಟ ಈ ಕೆರೆಯ ಅಚ್ಚುಕಟ್ಟಿನಲ್ಲಿ ಮೊದಲು ಬತ್ತವು ಬೆಳೆಯುತ್ತಿತ್ತು. ಬೆಂಗಳೂರು ಬೆಳೆದು ಅದರ ಕೊಳೆಯೂ ಕಾರ್ಖಾನೆಗಳ ನೀರೂ ವೃಷಭಾವತಿಗೆ ಸೇರತೊಡಗಿದ ಮೇಲೆ ಕೆರೆಗೆ ನೀರಿನ ಕೊರತೆಯೇನೂ ಆಗಲಿಲ್ಲ. ವರ್ಷವಿಡೀ ತುಂಬಿಯೇ ಇದ್ದಿತು. ಆದರೆ ಬತ್ತವು ಹಿಂದೆ ಸರಿದು ರೈತರು ದನಗಳ ಮೇವಿನ ಹುಲ್ಲು, ಹಿಪ್ಪುನೇರಳೆ, ಎಳೆಜೋಳ ಮೊದಲಾದ ಬೆಳೆಗಳಿಗೆ ತಿರುಗಬೇಕಾಯಿತು; ಸುತ್ತಣ ಬಾವಿಗಳ ನೀರು ಕುಡಿಯಲು ಬಾರದಂತಾಯಿತು. ನೀರಿದ್ದೂ ಬೆಳೆಯನ್ನು ತನ್ನಿಷ್ಟದಂತೆ ಆರಿಸಿಕೊಳ್ಳಲಾರದ ಸ್ಥಿತಿ ಇದು. ಬೆಂಗಳೂರಿನದೇ ಆದ ಬೆಳ್ಳಂದೂರು ಕೆರೆಯಂತೂ ಇದಕ್ಕಿಂತ ಕೆಟ್ಟು, ನೊರೆಯು ಬೀದಿಗೆ ಹಾರುವಷ್ಟಾಗಿ, ೨೦೧೫ರಲ್ಲಿಯೂ ೨೦೧೭ರಲ್ಲಿಯೂ ಅಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಕೆರೆಗೆ ಬೆಂಕಿ ಬೀಳುವುದೆಂಬ ಮಾತನ್ನು ಹಿಂದಿನವರು ಕೇಳಿದ್ದರೆ ನಗುತ್ತಿದ್ದರು.

ಮೂರು ತಾಲ್ಲೂಕುಗಳ ಪಟ್ಟಣಗಳು ಬೆಂಗಳೂರಿನಷ್ಟು ದೊಡ್ಡವಲ್ಲವೆಂಬುದೇ ಇಲ್ಲಿಯ ಅನುಕೂಲ. ರೋಗವು ಸಣ್ಣದಿರುವಾಗ ಮದ್ದೂ ಸಣ್ಣದಾಗಿಯೇ ಇರಬಹುದು. ಅಂತಹ ಮದ್ದುಗಳಲ್ಲೊಂದು, ಕೆರೆಯ ಬಾಯಿಯಲ್ಲಿ ನೀರನ್ನು ತಡೆದು ಜೊಂಡಿನ ನಡುವೆ ಮೆಲ್ಲಗೆ ಹಾಯಿಸತಕ್ಕ ಏರ್ಪಾಡು. ಇದನ್ನು ಇಲಾಖೆಯ ಕಾಗದಗಳಲ್ಲಿ ಕೃತಕ ಜೌಗುಪ್ರದೇಶವೆಂದು ಬರೆಯುವರು; ಇಲ್ಲಿ ಜೊಂಡಿನ ಜೌಗೆಂದು ಕರೆಯೋಣ. ಹಳೆಯ ಕೆರೆಗಳ ತಲೆಭಾಗದಲ್ಲಿ, ಹಳ್ಳವು ಒಳಸೇರುವೆಡೆ, ಆಪು ಜೇಕುಗಳು ತಾವಾಗಿಯೇ ದಟ್ಟವಾಗಿ ಬೆಳೆದಿರುವುದನ್ನು ಎಲ್ಲರೂ ನೋಡಿದ್ದಾರೆ. ಆ ಜೊಂಡಿನಿಂದಾಚೆ ಕೆರೆಯ ನೀರು ತಿಳಿಯಾಗಿರುವುದನ್ನೂ ದನಕಾಯುವ ಹುಡುಗರು ಬಲ್ಲರು. ಪ್ರಕೃತಿಯು ಅಳತೆಯಿಲ್ಲದೆ ಮಾಡುವುದನ್ನು ಅಳತೆಯಿಟ್ಟು ಮಾಡುವುದೇ ಈ ಕ್ರಮದ ಸಾರ. ಜರ್ಮನಿಯಲ್ಲಿ ಕೇಟೆ ಸೈಡೆಲ್ ಎಂಬ ವಿದುಷಿಯು ೧೯೫೦ರ ದಶಕದಿಂದ ಇದನ್ನು ಪರೀಕ್ಷಿಸಿ ನೋಡಿದಳು. ನಮ್ಮ ದೇಶದಲ್ಲಿ ಉಜ್ಜಯಿನಿಯ ವಿಕ್ರಮ ವಿಶ್ವವಿದ್ಯಾಲಯದ ವಿದ್ವಾಂಸರು ಲೇಖನಿಯ ಕಡ್ಡಿಯ ಜಾತಿಗೆ ಸೇರಿದ ಜೊಂಡನ್ನು ಜಲ್ಲಿಯ ಪಾತಿಯಲ್ಲಿ ನೆಟ್ಟು, ಮನೆಗಳ ಕೊಳೆನೀರನ್ನು ಅದರ ಮೂಲಕ ಹಾಯಿಸಿ, ಬಂದ ಫಲವನ್ನು ೧೯೯೯ರಲ್ಲಿ ಪ್ರಕಟಿಸಿದರು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು ಆಪು, ಕಾಬಾಳೆ ಮೊದಲಾದ ಗಿಡಗಳ ಇಂತಹ ಪಾತಿಗಳನ್ನು ತನ್ನ ಆವರಣದಲ್ಲಿಯೂ ಹಳ್ಳಿಗಳಲ್ಲಿಯೂ ಕಟ್ಟಿ, ಶುದ್ಧವಾದ ನೀರನ್ನು ಹೊಲಕ್ಕೆ ಹಾಯಿಸಿ ನೋಡಿದೆ. ಆ ಸೀಮೆಯ ಹವೆಯೂ ಮಳೆಯೂ ಕಲಬುರ್ಗಿಯ ಹವೆಗೆ ಬಹಳ ದೂರವಾದುದಲ್ಲ.

ಜೊಂಡು ಕೊಳೆಯನ್ನು ಹೇಗೆ ತೆಗೆಯುವುದೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು; ಯಾತಕ್ಕೆಂದರೆ ಇದನ್ನು ತಿಳಿಯದವರು ಒಂದಷ್ಟು ಆಪನ್ನು ತಂದು ಗಟಾರದ ಬಾಯಿಗೆ ನೆಟ್ಟು, ಕೆಲಸವಾಯಿತೆಂದು ಸುಮ್ಮನಾಗುವುದುಂಟು. ಸಾಮಾನ್ಯವಾಗಿ ಜನರು ಗಿಡವೇ ಕೊಳೆಯನ್ನೆಲ್ಲ ಕುಡಿಯುವುದೆಂದು ನಂಬುತ್ತಾರೆ. ಗಿಡವು ಕುಡಿಯುವುದು ಸ್ವಲ್ಪವೇ. ಮೊದಲನೆಯ ಕೆಲಸವನ್ನು ಮಾಡುವುದು ನೀರಿನ ನಿಧಾನ. ಸೀಸ, ಸತು, ರಂಜಕ ಮುಂತಾದವುಗಳಲ್ಲಿ ದೊಡ್ಡ ಪಾಲು ನೀರಿನಲ್ಲಿ ಕರಗಿರದೆ, ಮಣ್ಣಿನ ಸಣ್ಣ ಕಣಗಳಿಗೆ ಅಂಟಿಕೊಂಡು ಬರುವುದು. ಓಡುವ ನೀರು ನಿಂತರೆ ಕಣವು ತಳಕ್ಕೆ ಕೂರುತ್ತದೆ. ಕಣದೊಡನೆ ವಿಷವೂ ಕೂರುತ್ತದೆ. ಜೊಂಡಿನ ಸಾವಿರಾರು ಕಾಂಡಗಳು ನೀರಿನ ವೇಗವನ್ನು ಮುರಿದು ಈ ಕೆಲಸಕ್ಕೆ ನೆರವಾಗುತ್ತವೆ, ಕೂತ ಕೆಸರು ಮತ್ತೆ ಏಳದಂತೆ ಬೇರುಗಳಿಂದ ಹಿಡಿಯುತ್ತವೆ.

ಎರಡನೆಯ ಕೆಲಸವು ಕಣ್ಣಿಗೆ ಕಾಣದ ಜೀವಾಣುಗಳದು. ನೀರಿನೊಳಗಿರುವ ಕಾಂಡವನ್ನು ಬೆರಳಿನಿಂದ ಸವರಿದರೆ ಒಂದು ಲೋಳೆಯು ಹತ್ತುವುದಷ್ಟೆ. ಆ ಲೋಳೆಯೇ ಜೀವಾಣುಗಳ ವಸತಿ. ಸಗಣಿ, ಎಂಜಲು, ಕೊಳೆತ ಸೊಪ್ಪು ಇವುಗಳನ್ನು ತಿಂದು ತೀರಿಸುವವು ಅವೇ. ಕಾಂಡವು ಹೆಚ್ಚಿದಷ್ಟೂ ಲೋಳೆಯು ಹೆಚ್ಚು, ಲೋಳೆಯು ಹೆಚ್ಚಿದಷ್ಟೂ ಕೆಲಸವು ಹೆಚ್ಚು. ಅದೇ ಜೀವಾಣುಗಳಲ್ಲಿ ಕೆಲವು, ಗಾಳಿಯಿರುವ ಮೇಲ್ಭಾಗದಲ್ಲಿ ಸಾರಜನಕದ ಕೊಳೆಯನ್ನು ಒಂದು ರೂಪಕ್ಕೆ ತಿರುಗಿಸಿದರೆ, ಗಾಳಿಯಾಡದ ಕೆಳಗಿನ ಕೆಸರಿನಲ್ಲಿರುವ ಬೇರೆ ಕೆಲವು ಅದನ್ನು ಅನಿಲವನ್ನಾಗಿ ಮಾಡಿ ಆಕಾಶಕ್ಕೆ ಬಿಡುತ್ತವೆ. ರಂಜಕಕ್ಕೆ ಹೀಗೆ ಹೊರಹೋಗುವ ದಾರಿಯಿಲ್ಲ. ಅದು ಕೆಸರಿನಲ್ಲಿಯೂ ಗಿಡದಲ್ಲಿಯೂ ಕೂಡಿಕೊಂಡೇ ಇರತಕ್ಕದ್ದು. ಮನುಷ್ಯನು ಕೆಸರನ್ನು ತೆಗೆದು ಗಿಡವನ್ನು ಕೊಯ್ದು ಹೊರಗೆ ಒಯ್ದರೆ ಮಾತ್ರ ಹೋಗುವುದು. ಕೆರೆಯಲ್ಲಿ ಹಸುರು ಪಾಚಿಯೂ ಅಂತರಗಂಗೆಯೂ ನೀಲಿ ಹೂವಿನ ನೀರುಕಳೆಯೂ ಹಬ್ಬುವುದಕ್ಕೆ ಈ ರಂಜಕ, ಸಾರಜನಕಗಳೇ ಕಾರಣವಾದ್ದರಿಂದ ಇದನ್ನು ನೆನಪಿನಲ್ಲಿಡಬೇಕು.

ಆಗದ ಕೆಲಸವನ್ನೂ ಹೇಳಿಬಿಡುವುದು ನ್ಯಾಯ. ನೀರಿನಲ್ಲಿ ಕರಗಿದ ಉಪ್ಪನ್ನು ಜೊಂಡು ತೆಗೆಯಲಾರದು. ಕಾರ್ಖಾನೆಯ ಬಣ್ಣ, ಆಮ್ಲಗಳನ್ನು ಅದಕ್ಕೆ ಒಪ್ಪಿಸಬಾರದು. ಒಪ್ಪಿಸಿದರೆ ಜೀವಾಣುಗಳೇ ಸಾಯುವುವು. ಹಾಗೂ ಇಡೀ ಪಟ್ಟಣದ ಪಾಯಖಾನೆಯ ನೀರನ್ನು ನಾಲ್ಕು ಎಕರೆಯ ಜೊಂಡು ತೊಳೆಯುವುದೆಂಬುದು ಬರಿಯ ಭ್ರಮೆ.

ಈ ಕೊನೆಯ ಮಾತಿಗೆ ಬೆಂಗಳೂರಿನ ಉತ್ತರಕ್ಕೆ ಯಲಹಂಕದ ಕಡೆಯಲ್ಲಿರುವ ಜಕ್ಕೂರು ಕೆರೆಯು ಒಳ್ಳೆಯ ನಿದರ್ಶನ. ಸುಮಾರು ೧೬೦ ಎಕರೆಯ ಈ ಕೆರೆಯ ಮೇಲ್ಗಡೆ, ಬೆಂಗಳೂರು ಜಲಮಂಡಳಿಯವರು ದಿನವೊಂದಕ್ಕೆ ೧ ಕೋಟಿ ಲೀಟರು ಕೊಳೆನೀರನ್ನು ಶುದ್ಧಮಾಡತಕ್ಕ ಘಟಕವನ್ನು ಕಟ್ಟಿದರು. ಅಲ್ಲಿಂದ ಹೊರಟ ನೀರು ನೇರವಾಗಿ ಕೆರೆಗೆ ಬೀಳದೆ, ಆಪು ಮೊದಲಾದವು ಬೆಳೆದ ಜೌಗಿನಲ್ಲಿ ಹಾದು ಆಮೇಲೆ ಕೆರೆಯನ್ನು ಸೇರುವಂತೆ ಮಾಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷಿಸಿ, ಘಟಕ, ಜೌಗು, ಕೆರೆ ಈ ಮೂರೂ ಒಂದರ ಕೆಳಗೊಂದು ಸೇರಿ ಕೆಲಸಮಾಡುವುದರಿಂದಲೇ ನೀರು ಸುಧಾರಿಸುವುದೆಂದು ೨೦೧೪ರಲ್ಲಿ ವರದಿಮಾಡಿದರು. ಅಲ್ಲಿ ಮೀನುಗಾರರು ಮೀನು ಹಿಡಿಯುತ್ತಾರೆ, ಹಕ್ಕಿಗಳು ಬರುತ್ತವೆ. ಪಾಯಖಾನೆಯ ನೀರಿಗೆ ಘಟಕವು ಮುಂದಾಗಿ ಜೊಂಡು ಹಿಂದಾಗಿರುವುದು ಜಕ್ಕೂರಿನಿಂದ ಕಲಿಯಬೇಕಾದದ್ದು. ಮಳೆಯ ನೀರಿಗಾದರೆ ಜೊಂಡೊಂದೇ ಬಹುಮಟ್ಟಿಗೆ ಸಾಕು.

ಆದರೆ ತಾಲ್ಲೂಕು ಪಟ್ಟಣಗಳಲ್ಲಿ ಮಳೆಯ ನೀರಿಗೂ ಮನೆಯ ಬಚ್ಚಲ ನೀರಿಗೂ ಒಂದೇ ಗಟಾರವಿರುವುದು ವಾಡಿಕೆ. ಮಳೆಯಿಲ್ಲದ ದಿನವೂ ಅದರಲ್ಲಿ ಸಣ್ಣ ಧಾರೆಯು ಹರಿಯುತ್ತಲೇ ಇರುವುದು. ಇದು ತೊಂದರೆಯಂತೆ ತೋರಿದರೂ ಒಂದು ಮಿತಿಯೊಳಗೆ ಅನುಕೂಲವೇ ಸರಿ. ಹೇಗೆಂದರೆ, ಕಾರ್ತಿಕದಿಂದ ಜ್ಯೇಷ್ಠದವರೆಗೆ ಇಲ್ಲಿ ಹೇಳಿಕೊಳ್ಳುವಂತಹ ಮಳೆಯಿಲ್ಲ. ಆ ಏಳು ತಿಂಗಳು ಜೊಂಡನ್ನು ಬದುಕಿಸಿಡಲು ಬಚ್ಚಲ ನೀರೇ ಒದಗುವುದು. ಬೆಚ್ಚನೆಯ ಸೀಮೆಗಳಲ್ಲಿ ಬಚ್ಚಲ ನೀರನ್ನು ತೊಳೆಯಲು ತಲೆಯೊಂದಕ್ಕೆ ೧ ರಿಂದ ೨ ಚದರ ಮೀಟರು ಜೊಂಡಿನ ಪಾತಿ ಬೇಕೆಂದು ಲೆಕ್ಕ ಹಿಡಿಯುವರು. ಅಂದರೆ ೨,೫೦೦ ಜನರಿರುವ ಒಂದು ಓಣಿಯ ಬಚ್ಚಲ ನೀರಿಗೆ ಸುಮಾರು ೨೫ ಗುಂಟೆಯಿಂದ ಒಂದೂಕಾಲು ಎಕರೆ. ೨೫,೦೦೦ ಜನರಿಗಾದರೆ ಅದರ ಹತ್ತರಷ್ಟು. ಅಷ್ಟು ನೆಲವು ಯಾವ ಕೆರೆಯ ಬಾಯಿಯಲ್ಲಿಯೂ ಸಿಕ್ಕಲಾರದು. ಆದುದರಿಂದ ಒಂದೆರಡು ಓಣಿಗಳ ಬಚ್ಚಲ ನೀರು ಬರುವ ಕಡೆ ಜೌಗನ್ನು ಧೈರ್ಯವಾಗಿ ಕಟ್ಟಬಹುದು. ಇಡೀ ಪಟ್ಟಣದ ಗಟಾರವು ಬರುವ ಕಡೆ ಮೊದಲು ಪುರಸಭೆಯು ಶುದ್ಧೀಕರಣದ ಘಟಕವನ್ನು ಮಾಡಬೇಕೆಂದು ಒತ್ತಾಯಿಸತಕ್ಕದ್ದು.

ಇನ್ನು ಅಳತೆಯ ವಿಚಾರ. ಜೌಗಿಗೆ ನೀರು ಹರಿದು ಬರುವ ಪಟ್ಟಣದ ಭಾಗವು ೧೦೦ ಎಕರೆ ಇದೆಯೆಂದು ಇಟ್ಟುಕೊಳ್ಳೋಣ. ಒಂದು ಅಂಗುಲ ಮಳೆ ಬಿದ್ದು ಅದರಲ್ಲಿ ಅರ್ಧವು ಹರಿದು ಬಂದರೆ, ೧೦೦ ಎಕರೆಯ ಮೇಲೆ ಅರ್ಧ ಅಂಗುಲ ನಿಂತಷ್ಟು ನೀರಾಯಿತು. ಲೀಟರಿನ ಲೆಕ್ಕದಲ್ಲಿ ಸುಮಾರು ೫೦ ಲಕ್ಷ. ಒಂದು ಅಡಿ ಆಳದ ೪ ಎಕರೆಯ ಜೌಗು ಹೆಚ್ಚುಕಡಮೆ ಅಷ್ಟೇ ನೀರನ್ನು ಹಿಡಿಯುವುದು. ಆದುದರಿಂದ ನೀರು ಬರುವ ಪ್ರದೇಶದ ನೂರರಲ್ಲಿ ೨ ರಿಂದ ೫ ಪಾಲು ನೆಲವನ್ನು ಜೌಗಿಗೆ ಬಿಡಬೇಕೆಂದು ಬಲ್ಲವರು ಹೇಳುವುದು ಸರಿಯಾಗಿಯೇ ಇದೆ. ನೂರರಲ್ಲಿ ಎರಡು ಪಾಲಿಗಿಂತ ಕಡಿಮೆ ನೆಲದಲ್ಲಿ ಕಟ್ಟಿದರೆ ನೀರು ಒಂದು ದಿನವೂ ನಿಲ್ಲದೆ ಹೊರಹೋಗುವುದು. ಹಣವೂ ಅದರೊಡನೆ ಹೋದಂತೆ.

ಜೌಗಿನ ಮುಂದೆ ಒಂದು ಕೆಸರುಗುಂಡಿಯು ಇರಲೇಬೇಕು. ನಾಲ್ಕರಿಂದ ಆರು ಅಡಿ ಆಳವಾಗಿ, ಒಟ್ಟು ನೀರಿನ ಹತ್ತರಲ್ಲೊಂದು ಪಾಲನ್ನು ಹಿಡಿಯುವಷ್ಟು ದೊಡ್ಡದಾಗಿ ಅದನ್ನು ತೋಡಬೇಕು. ಅದರ ಬಾಯಿಗೆ ಕಬ್ಬಿಣದ ಸಲಾಕೆಗಳ ಜಾಲರಿಯನ್ನು ಓರೆಯಾಗಿ ನಿಲ್ಲಿಸಿದರೆ ಪ್ಲಾಸ್ಟಿಕ್ ಚೀಲ, ಚಪ್ಪಲಿ, ತೆಂಗಿನ ಚಿಪ್ಪುಗಳು ಅಲ್ಲಿಯೇ ನಿಲ್ಲುವುವು. ಗುಂಡಿಯ ತಳಕ್ಕೆ ಶಹಾಬಾದಿನ ಕಲ್ಲುಚಪ್ಪಡಿಯನ್ನು ಹಾಸಿದರೆ, ಕೆಸರು ತೆಗೆಯುವವನಿಗೆ ಎಲ್ಲಿಯವರೆಗೆ ಅಗೆಯಬೇಕೆಂಬುದು ತಿಳಿಯುವುದು. ಗುಂಡಿಯಿಂದ ನೀರು ಅಗಲವಾದ ಮಟ್ಟದ ಕಟ್ಟೆಯ ಮೇಲೆ ಹರಡಿಕೊಂಡು ಜೊಂಡಿಗೆ ಇಳಿಯಬೇಕು. ಒಂದೇ ಕಡೆಯಿಂದ ಇಳಿದರೆ ನೀರು ತನಗೊಂದು ಕಾಲುವೆಯನ್ನು ಕೊರೆದುಕೊಂಡು, ಉಳಿದ ಜೊಂಡನ್ನು ಮುಟ್ಟದೆಯೇ ಓಡಿಹೋಗುವುದು. ಕಟ್ಟಿದ ಜೌಗುಗಳು ನಿಷ್ಫಲವಾಗುವುದಕ್ಕೆ ಇದಕ್ಕಿಂತ ಸಾಮಾನ್ಯವಾದ ಕಾರಣವು ಮತ್ತೊಂದಿಲ್ಲ. ಆದುದರಿಂದ ಜೊಂಡಿನ ಭಾಗವು ಅಗಲದ ಎರಡು ಮೂರರಷ್ಟು ಉದ್ದವಾಗಿರಬೇಕು. ಆಳವು ಅರ್ಧ ಅಡಿಯಿಂದ ಒಂದೂವರೆ ಅಡಿಯೊಳಗಿರಬೇಕು. ನಡುನಡುವೆ ಅಡ್ಡಲಾಗಿ ಮಣ್ಣಿನ ದಿಣ್ಣೆಗಳನ್ನು ಬಿಟ್ಟು ನೀರು ಹಾವಿನಂತೆ ಸುತ್ತಿ ಹೋಗುವಂತೆ ಮಾಡಬೇಕು. ಕೊನೆಯಲ್ಲಿ ಐದು ಅಡಿ ಆಳದ ಒಂದು ತಿಳಿನೀರಿನ ಮಡುವಿದ್ದರೆ, ಆಳದ ನೀರಿನಲ್ಲಿ ಬೇರೂರಲಾರದ ಆಪು ಅಲ್ಲಿಯೇ ತಡೆದು, ಕೆರೆಯೊಳಕ್ಕೆ ನುಗ್ಗುವುದಿಲ್ಲ.

ಹುಬ್ಬೆ, ಉತ್ತರೆ ಮಳೆಗಳು ಈ ಸೀಮೆಯಲ್ಲಿ ಒಮ್ಮೊಮ್ಮೆ ಒಂದೇ ರಾತ್ರಿಯಲ್ಲಿ ನಾಲ್ಕು ಅಂಗುಲ ಸುರಿಯುವುದುಂಟು. ಅಷ್ಟು ನೀರನ್ನು ಜೌಗಿನೊಳಕ್ಕೆ ಬಿಟ್ಟರೆ ಜೊಂಡು ಬೇರುಸಹಿತ ಕಿತ್ತುಹೋಗುವುದು. ಕೆಸರುಗುಂಡಿಯ ಪಕ್ಕದಲ್ಲಿಯೇ ಕಲ್ಲುಕಟ್ಟಡದ ಕೋಡಿಯನ್ನು ಕಟ್ಟಿ, ಗೊತ್ತಾದ ಮಟ್ಟಕ್ಕೆ ಮೀರಿದ ನೀರು ಪಕ್ಕದ ಕಾಲುವೆಯಲ್ಲಿ ನೇರವಾಗಿ ಕೆರೆಗೆ ಹೋಗುವಂತೆ ಬಿಡಬೇಕು. ದೊಡ್ಡ ಮಳೆಯ ನೀರು ಹಾಗೆ ಹೋದರೆ ಅಷ್ಟೊಂದು ಬಾಧೆಯಿಲ್ಲ. ಕೊಳೆಯು ಮೊದಲ ನೀರಿನಲ್ಲಿಯೇ ಬಂದು ಜೌಗಿನಲ್ಲಿ ತಂಗಿರುವುದು, ಹಿಂದೆ ಬಂದದ್ದು ಬಹಳಮಟ್ಟಿಗೆ ಶುದ್ಧವಾದದ್ದೇ. ಭೀಮೆಯ ದಂಡೆಯ ಊರವರು ಇನ್ನೊಂದು ಎಚ್ಚರವನ್ನು ಇಟ್ಟುಕೊಳ್ಳಬೇಕು. ೨೦೨೦ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅನೇಕ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಆ ನೀರು ಮುಟ್ಟಿದ ಗುರುತಿನ ಕೆಳಗೆ ಜೌಗನ್ನು ಕಟ್ಟುವುದು ಹೊಳೆಗೆ ಹಣ ಸುರಿದಂತೆ.

ಎರೆಮಣ್ಣು ಈ ಕೆಲಸಕ್ಕೆ ಒಂದು ರೀತಿಯಲ್ಲಿ ವರವೂ ಇನ್ನೊಂದು ರೀತಿಯಲ್ಲಿ ತೊಡಕೂ ಆಗಿದೆ. ಅದು ನೀರನ್ನು ಕೆಳಕ್ಕೆ ಬಿಡದಿರುವುದರಿಂದ ಜೌಗಿನ ತಳಕ್ಕೆ ಬೇರೆ ಹಾಸು ಬೇಕಾಗಿಲ್ಲ. ಬೇಸಗೆಯಲ್ಲಿ ತಳವು ಬಿರಿದರೂ ಮೊದಲ ಮಳೆಗೆ ಉಬ್ಬಿ ಮುಚ್ಚಿಕೊಳ್ಳುವುದು. ಆದರೆ ಒಡ್ಡು ಬಿರಿದರೆ ಹಾಗಲ್ಲ. ಬಿರುಕಿನಲ್ಲಿ ನುಗ್ಗಿದ ನೀರು ಒಡ್ಡನ್ನೇ ಕೊಚ್ಚಿಕೊಂಡು ಹೋಗುವುದು. ಆದ್ದರಿಂದ ಒಡ್ಡಿನ ಗರ್ಭಕ್ಕೆ ಮಾತ್ರ ಎರೆಮಣ್ಣನ್ನು ತುಂಬಿ, ಪದರಪದರವಾಗಿ ನೀರು ಚಿಮುಕಿಸಿ ಧಮ್ಮಸು ಮಾಡಿ, ಹೊರಮೈಗೆ ಒಂದು ಅಡಿಗೆ ಕಡಿಮೆಯಿಲ್ಲದಂತೆ ಮೊರಮನ್ನು ಹೊದಿಸತಕ್ಕದ್ದು. ಮೇಲೆ ಗರಿಕೆಯನ್ನು ನೆಟ್ಟರೆ ಒಳ್ಳೆಯದು.

ನೆಡುವುದಕ್ಕೆ ಆಪು, ಜೇಕು, ಲೇಖನಿಯ ಕಡ್ಡಿಯ ಜೊಂಡು ಇವು ಮೂರು ಸಾಕು. ಅಂಚಿನಲ್ಲಿ ಅಂದಕ್ಕಾಗಿ ಕಾಬಾಳೆಯನ್ನು ಹಾಕಬಹುದು. ಹಣ ಕೊಟ್ಟು ದೂರದಿಂದ ತರಿಸಬೇಕಾದದ್ದಿಲ್ಲ. ಪಕ್ಕದ ಹಳ್ಳದಲ್ಲಿ ಬೆಳೆದದ್ದರ ಗೆಡ್ಡೆಯನ್ನೇ ಒಂದು ಗೇಣು ಉದ್ದ ಕತ್ತರಿಸಿ, ಎರಡು ಮೂರು ಅಡಿಗೊಂದರಂತೆ ನೆಡಬೇಕು. ಈ ಗಿಡಗಳ ಗೆಡ್ಡೆಗಳು ಮೇಲಿನ ಎಲೆಯು ಒಣಗಿದರೂ ಕೆಸರಿನೊಳಗೆ ಜೀವವಾಗಿದ್ದು ಮಳೆ ಬಂದೊಡನೆ ಚಿಗುರುವುದರಿಂದ, ಒಣ ಸೀಮೆಗೆ ಇವೇ ತಕ್ಕವು. ಅಂತರಗಂಗೆಯನ್ನೂ ನೀಲಿ ಹೂವಿನ ನೀರುಕಳೆಯನ್ನೂ, ಕೊಳೆಯನ್ನು ಹೀರುವುವೆಂಬ ಮಾತನ್ನು ನಂಬಿ, ಎಂದಿಗೂ ತಂದು ಬಿಡಬಾರದು. ಅವು ಹೀರುವುದು ನಿಜ. ಆದರೆ ಒಂದು ಮಳೆಗಾಲದಲ್ಲಿ ಕೋಡಿಯನ್ನು ದಾಟಿ ಕೆರೆಯನ್ನೆಲ್ಲ ಮುಚ್ಚುವುದೂ ಅಷ್ಟೇ ನಿಜ.

ಈ ಏರ್ಪಾಡನ್ನು ಕುರಿತು ಊರಿನಲ್ಲಿ ಎರಡು ಮೂರು ಆಕ್ಷೇಪಣೆಗಳು ಏಳುವುದು ಸಹಜ. ಜೊಂಡು ನೀರನ್ನು ಕುಡಿದು ಕೆರೆಗೆ ಕಡಿಮೆ ಮಾಡುವುದೆಂದು ಅಚ್ಚುಕಟ್ಟಿನವರು ಹೇಳುವರು. ಲೆಕ್ಕ ಹಾಕಿ ನೋಡಬಹುದು. ಮಳೆಗಾಲದ ನಾಲ್ಕು ತಿಂಗಳು ದಿನಕ್ಕೆ ಕಾಲು ಅಂಗುಲದಂತೆ ಆವಿಯಾದರೆ ಒಟ್ಟು ಎರಡೂವರೆ ಅಡಿ. ೪ ಎಕರೆಗೆ ಅದು ೧೦ ಎಕರೆ ಅಡಿಯ ನೀರು. ವರ್ಷಕ್ಕೆ ೨೮ ಅಂಗುಲ ಮಳೆಯೆಂದು ಹಿಡಿದು, ಅರ್ಧವು ಹರಿದರೆ, ೧೦೦ ಎಕರೆ ಪಟ್ಟಣದಿಂದ ಬರುವ ನೀರು ಸುಮಾರು ೧೧೭ ಎಕರೆ ಅಡಿ. ನಷ್ಟವು ಹತ್ತರಲ್ಲೊಂದು ಪಾಲಿಗೂ ಕಡಿಮೆ. ಆ ಪಾಲನ್ನು ಕೊಟ್ಟು ಉಳಿದದ್ದನ್ನು ಬಳಕೆಗೆ ಬರುವಂತೆ ಮಾಡಿಕೊಳ್ಳುವುದು ನಷ್ಟದ ವ್ಯಾಪಾರವಲ್ಲ. ಸೊಳ್ಳೆಯ ಭಯವನ್ನು ಹೆಂಗಸರು ಎತ್ತುವರು. ಇದು ಅಲ್ಲಗಳೆಯತಕ್ಕ ಮಾತಲ್ಲ. ನೀರು ಸದಾ ಚಲಿಸುವಂತೆಯೂ, ಅಂಚಿನಲ್ಲಿ ಸಣ್ಣ ಕುಳಿಗಳು ಉಳಿಯದಂತೆಯೂ ನೋಡಿಕೊಂಡು, ಕೊನೆಯ ಮಡುವಿನಲ್ಲಿ ಸೊಳ್ಳೆಮರಿಯನ್ನು ತಿನ್ನುವ ಗಪ್ಪಿ ಮೀನುಗಳನ್ನು ಬಿಟ್ಟರೆ ಬಾಧೆಯು ಬಹಳ ಇಳಿಯುವುದು. ಆದಾಗ್ಯೂ ಮನೆಗಳಿಗೆ ತೀರ ಹತ್ತಿರ ಜೌಗನ್ನು ಕಟ್ಟದಿರುವುದೇ ಲೇಸು.

ಮೂರನೆಯದು ನೆಲದ ಪ್ರಶ್ನೆ. ಉಳಿದೆಲ್ಲವುಗಳಿಗಿಂತಲೂ ಇದೇ ಕಠಿಣವಾದದ್ದು. ಜೌಗಿಗೆ ಸರಿಯಾದ ಸ್ಥಳವು ಕೆರೆಯ ಅಂಗಳದ ತಲೆಭಾಗ. ಅದು ಸರ್ಕಾರದ ನೆಲ. ಆದರೆ ನೀರು ಹಿಂದೆ ಸರಿದ ಮೇಲೆ ಅಲ್ಲಿ ಜೋಳವನ್ನೋ ಕಡಲೆಯನ್ನೋ ಬಿತ್ತಿಕೊಳ್ಳುವವರು ಅನೇಕ ಊರುಗಳಲ್ಲಿ ಇದ್ದಾರೆ. ಕ್ರಮೇಣ ಬದು ಹಾಕಿ ಸ್ವಂತವೆಂದು ಭಾವಿಸಿದವರೂ ಇದ್ದಾರೆ. ಇಂತಹವರಲ್ಲಿ ಬಡವರಷ್ಟೇ ಅಲ್ಲ, ಊರಿನ ಪ್ರಮುಖರೂ ಕಾಣಬರುವುದುಂಟು. ಇದಕ್ಕೆ ತಹಶೀಲ್ದಾರರ ಕಚೇರಿಗೆ ಅರ್ಜಿ ಕೊಟ್ಟು ಮೋಜಣಿ ಮಾಡಿಸಿ ಕೆರೆಯ ಎಲ್ಲೆಯನ್ನು ಕಲ್ಲು ನೆಟ್ಟು ಗುರುತಿಸುವುದೇ ಮೊದಲ ಹೆಜ್ಜೆ. ಮೋಜಣಿಯ ದಿನ ಗೌಡರು ತಮ್ಮ ಬದುವನ್ನು ತಾವೇ ಮೊದಲು ಹಿಂದಕ್ಕೆ ಸರಿಸಿದರೆ ಉಳಿದವರೊಡನೆ ಜಗಳವು ಅರ್ಧಕ್ಕೆ ಇಳಿಯುವುದು. ಕೇವಲ ಬಡವನ ತುಂಡು ನೆಲವನ್ನು ಬಿಡಿಸಿ, ದೊಡ್ಡವನ ಬದುವನ್ನು ಹಾಗೆಯೇ ಬಿಟ್ಟಲ್ಲಿ, ಆ ಜೌಗಿಗೆ ರಾತ್ರಿ ಎಮ್ಮೆ ನುಗ್ಗುವುದನ್ನು ಯಾವ ಬೇಲಿಯೂ ತಡೆಯಲಾರದು.

ಅನುಮತಿಯ ವಿಷಯದಲ್ಲಿ, ೪೦ ಹೆಕ್ಟೇರಿಗೆ ಮೀರಿದ ಅಚ್ಚುಕಟ್ಟುಳ್ಳ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ, ಅದಕ್ಕೆ ಕಡಿಮೆಯವು ಪಂಚಾಯತಿಗಳಿಗೂ ಸೇರಿರುತ್ತವೆ. ೨೦೧೪ರಲ್ಲಿ ರಾಜ್ಯದಲ್ಲಿ ಕೆರೆಗಳ ಸಂರಕ್ಷಣೆ ಮತ್ತು ಅಭಿವೃದ್ಧಿಗಾಗಿ ಪ್ರತ್ಯೇಕ ಕಾಯಿದೆಯೂ ಆಗಿದೆ. ಕೆರೆಯ ಅಂಗಳದಲ್ಲಿ ಮಣ್ಣು ಕದಲಿಸುವ ಮೊದಲು ಸಂಬಂಧಪಟ್ಟವರ ಲಿಖಿತ ಒಪ್ಪಿಗೆಯನ್ನು ಪಡೆಯಬೇಕು. ಗಟಾರವು ಪುರಸಭೆಯದೂ ಕೆರೆಯು ಹಳ್ಳಿಯದೂ ಆಗಿದ್ದರೆ, ಇಬ್ಬರೂ ಕೂತು, ಕೆಸರುಗುಂಡಿಯನ್ನು ತೋಡಿ ಬಳಿಯುವ ಖರ್ಚು ಯಾರದೆಂಬುದನ್ನು ಕಟ್ಟುವ ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು. ಕೊಳೆಯು ಬಂದದ್ದು ಪಟ್ಟಣದಿಂದಾದ್ದರಿಂದ ಆ ಖರ್ಚನ್ನು ಪಟ್ಟಣವೇ ಹೊರುವುದು ನ್ಯಾಯವೆಂದು ಹಳ್ಳಿಯವರು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಕೆಲಸದ ಕಾಲವು ಹೀಗಿರಲಿ. ಫಾಲ್ಗುನ, ಚೈತ್ರಗಳಲ್ಲಿ ಕೆರೆಯ ತಲೆಭಾಗವು ಒಣಗಿರುವಾಗ ಅಗೆತವನ್ನೂ ಒಡ್ಡನ್ನೂ ಮುಗಿಸಬೇಕು. ಆರಿದ್ರೆಯ ಹದ ಸಿಕ್ಕೊಡನೆ ನೆಡಬೇಕು. ನೆಟ್ಟ ಮೊದಲ ಆರು ವಾರ ನೀರು ಎರಡು ಮೂರು ಅಂಗುಲಕ್ಕೆ ಮೀರಬಾರದು. ಚಿಗುರು ನೀರಿನಡಿ ಮುಳುಗಿದರೆ ಕೊಳೆತುಹೋಗುವುದು. ತೂಬಿಗೆ ಒಂದರ ಮೇಲೊಂದು ಹಲಗೆಯಿಟ್ಟು ಮಟ್ಟವನ್ನು ಏರಿಸುವ ಇಳಿಸುವ ಅನುಕೂಲವಿರುವುದು ಇದಕ್ಕಾಗಿಯೇ. ಮೊದಲ ವರ್ಷ ಜೌಗಿನಿಂದ ಹೆಚ್ಚು ಫಲವನ್ನು ನಿರೀಕ್ಷಿಸಬಾರದು. ಜೊಂಡು ದಟ್ಟವಾಗಲು ಎರಡು ಮಳೆಗಾಲ ಹಿಡಿಯುವುದು. ಅಷ್ಟರವರೆಗೆ ಎಮ್ಮೆ, ಹಂದಿಗಳಿಂದ ಕಾಯಬೇಕು. ಪುಷ್ಯ, ಮಾಘಗಳಲ್ಲಿ ಒಣಗಿದ ಜೊಂಡನ್ನು ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಕೊಯ್ದು ಹೊರಗೆ ಒಯ್ಯತಕ್ಕದ್ದು. ಆಪಿನ ಎಲೆಯು ಚಾಪೆಗೂ ಹೊದಿಕೆಗೂ ಬರುವುದು; ಉಳಿದದ್ದನ್ನು ತಿಪ್ಪೆಗೆ ಹಾಕಬಹುದು. ಅಲ್ಲಿಯೇ ಸುಟ್ಟರೆ ಬೂದಿಯೊಡನೆ ರಂಜಕವು ಮತ್ತೆ ನೀರಿಗೇ ಸೇರುವುದರಿಂದ ಕೊಯ್ದ ಶ್ರಮವೂ ವ್ಯರ್ಥ.

ಕೆಸರುಗುಂಡಿಯು ಅರ್ಧ ತುಂಬಿದ ವರ್ಷ, ಬೇಸಗೆಯಲ್ಲಿ ಅದನ್ನು ಬಳಿಯಬೇಕು. ಇಲ್ಲಿ ರೈತರು ಒಂದು ವಿಷಯದಲ್ಲಿ ಜಾಗರೂಕರಾಗಿರಬೇಕು. ಕೆರೆಯ ಗೋಡನ್ನು ಬಂಡಿಗಟ್ಟಲೆ ಹೊಲಕ್ಕೆ ಹೊಡೆಯುವುದು ಈ ಸೀಮೆಯ ಹಳೆ ಪದ್ಧತಿ, ಒಳ್ಳೆಯ ಪದ್ಧತಿ. ಕೆಸರುಗುಂಡಿಯ ಮಣ್ಣೂ ಅದರಂತೆಯೇ ಕಪ್ಪಗೆ ಕಾಣುವುದು. ಆದರೆ ಪಟ್ಟಣದ ಸೀಸ, ಸತು, ಎಣ್ಣೆಗಳೆಲ್ಲ ಕೂಡಿರುವುದು ಅದರಲ್ಲಿಯೇ. ಅದನ್ನು ತೊಗರಿಯ ಹೊಲಕ್ಕಾಗಲಿ, ಕಾಯಿಪಲ್ಲೆಯ ಮಡಿಗಾಗಲಿ ಹಾಕುವ ಮೊದಲು ಗುಂಡಿಯ ನಾಲ್ಕೈದು ಕಡೆಗಳಿಂದ ಮಣ್ಣನ್ನು ತೆಗೆದು ಒಂದರಲ್ಲೊಂದು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಸ್ವಚ್ಛವಾದ ಬಟ್ಟೆಯ ಚೀಲದಲ್ಲಿ ಕಟ್ಟಿ, ಕಲಬುರ್ಗಿಯ ಆಳಂದ ರಸ್ತೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ, ಲೋಹಗಳ ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕೆಂದು ವಿಚಾರಿಸತಕ್ಕದ್ದು. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸವನ್ನು ನೋಡುವ ವಾಡಿಕೆಯಿಲ್ಲವಾದ್ದರಿಂದ, ಚೀಲದ ಮೇಲೆ ಪಟ್ಟಣದ ಗಟಾರದ ಕೆಸರೆಂದು ಸ್ಪಷ್ಟವಾಗಿ ಬರೆದಿರಬೇಕು. ಉತ್ತರ ಬರುವವರೆಗೆ ಆ ಮಣ್ಣು ಒಡ್ಡಿನಾಚೆ, ದನ ಮೇಯದ ಕಡೆಯಲ್ಲಿ, ಗುಡ್ಡೆಯಾಗಿಯೇ ಬಿದ್ದಿರಲಿ.